ಅಪ್‌ಡೇಟ್: ಗ್ಯಾರೇಜಿನಲ್ಲಿ ಸಿಕ್ಕ ಬೇಸ್‌ಬಾಲ್ ಕಾರ್ಡುಗಳು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ನ್ಯೂಜೆರ್ಸಿಯ ನಮ್ಮ ಗ್ಯಾರೇಜಿನಲ್ಲಿ ನನ್ನ ಶಾಲೆ ದಿನಗಳ ಎರಡು ಡಬ್ಬ ಬೇಸ್‌ಬಾಲ್ ಕಾರ್ಡು (ಆಟಗಾರರ ಚಿತ್ರವಿರುವ, ಮಕ್ಕಳು ಕೂಡಿಡುವ ಕಾರ್ಡು) ಸಿಕ್ಕಿವೆ, ಮಾರಲೋ ಬೇಡವೋ ಅಂತ. ಮೊದಲು ಕಾರ್ಡ್ ಅಂಗಡಿಗೆ ತೋರಿಸಿ ಅಂದಿರಿ. ಶನಿವಾರ ತೋರಿಸಿದೆ.

ಅಂಗಡಿಯವರು ಇಸವಿ ನೋಡಿ ನಕ್ಕರು. ಎಲ್ಲವೂ 1988ರಿಂದ 1991ರ ಒಳಗಿನವು. ಆಗ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಮುಂದೆ ಬೆಲೆ ಬರುತ್ತದೆ ಅಂತ ಎಲ್ಲರೂ ಜೋಪಾನ ಮಾಡಿದರು. ಅದಕ್ಕೇ ಬೆಲೆ ಇಲ್ಲ! ಆ ಕಾಲಕ್ಕೆ ‘ಜಂಕ್ ವ್ಯಾಕ್ಸ್’ ಅಂತಲೇ ಹೆಸರು: ಜಂಕ್ ಅಂದರೆ ಕಸ, ವ್ಯಾಕ್ಸ್ ಅಂದರೆ ಪ್ಯಾಕೆಟ್ಟಿನ ಮೇಣದ ಕಾಗದ. ಟಾಪ್ಸ್ ಕಂಪನಿ 1952ರಲ್ಲಿ ತಂದ, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡಿನದು ಉಲ್ಟಾ ಕಥೆ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಕಂಪನಿಯವರೇ ಸಮುದ್ರಕ್ಕೆ ಸುರಿದಿದ್ದರಂತೆ. 2022ರ ಹರಾಜಿನಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹೋಯಿತು.

ನನ್ನ ಹತ್ತಿರ ಬೆಲೆ ಬಂದೀತು ಅಂತ ಆಸೆ ಇದ್ದದ್ದು ಒಂದೇ ಕಾರ್ಡಿನ ಮೇಲೆ: ಅಪ್ಪರ್ ಡೆಕ್ ಕಂಪನಿಯ 1989ರ ಸೆಟ್‌ನ ನಂಬರ್ 1, ಆಟಗಾರ ಕೆನ್ ಗ್ರಿಫಿ ಜೂನಿಯರ್‌ನದು. ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ, ಅಂಚು ಕಚ್ಚಿಹೋಗಿದೆ. ಹನ್ನೆರಡು ವರ್ಷದವನ ಬುದ್ಧಿ, ಏನು ಮಾಡೋದು.

ಆದರೆ ಡಬ್ಬ ತೆರೆದಾಗ ಬಂದ ಆ ವಾಸನೆ! ಹಳೆಯದೆಲ್ಲ ನೆನಪಾಯಿತು. ಕಾರ್ಡ್ ಶೋಗಳ (ಕಾರ್ಡು ಕೊಳ್ಳುವ, ಮಾರುವ ಸಂತೆ) ದಿನ ಅಪ್ಪ ಐದು ಡಾಲರ್ ಕೊಟ್ಟು ಒಳಗೆ ಕಳಿಸುತ್ತಿದ್ದರು. ಅಮ್ಮ ಕಾರಿನಲ್ಲೇ ಪುಳಿಯೋಗರೆ ಡಬ್ಬ ಹಿಡಿದು ಕೂತಿರುತ್ತಿದ್ದಳು. ನಾನು ಮೇಜಿಂದ ಮೇಜಿಗೆ ಚೌಕಾಸಿ ಮಾಡುತ್ತಾ ಊಟವನ್ನೇ ಮರೆಯುತ್ತಿದ್ದೆ.

ಏನೂ ಮಾರಲಿಲ್ಲ. ಡಬ್ಬದ ತಳದಲ್ಲಿ ಒಡೆಯದ 1991ರ ಟಾಪ್ಸ್ ಪ್ಯಾಕೆಟ್ ಒಂದಿತ್ತು, ಕಾರ್ಡಿನ ಜೊತೆ ಒಳಗೆ ಚೂಯಿಂಗ್ ಗಮ್ ಇದ್ದ ಕೊನೆಯ ವರ್ಷದ್ದು. ಆ ಗಮ್ ತಿನ್ನಬಹುದಾ ಅಂತ ಮಗಳು ಬೆಳಗ್ಗೆಯಿಂದ ಪೀಡಿಸುತ್ತಿದ್ದಾಳೆ.