ಮಗಳಿಗೂ ಎರಡು ಉತ್ತರ, ನನಗೂ ಎರಡು, ಆದರೆ ಅವೇ ಅಲ್ಲ!

ಪ್ರಶ್ನೆ:
ನಮಸ್ಕಾರ. ತುಮಕೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮಗಳು ಮೊದಲ ಪಿಯು. ನಿನ್ನೆ ರಾತ್ರಿ ಒಂದು ಲೆಕ್ಕ ತಂದಳು: ವೈ = ಎಕ್ಸ್², ವೈ = 2^ಎಕ್ಸ್ (2ರ ಘಾತ ಎಕ್ಸ್), ಇವೆರಡು ಗೆರೆ ಎಲ್ಲೆಲ್ಲಿ ಕೂಡುತ್ತವೆ? ಅವಳು ಸುಮ್ನೆ ಅಂಕಿ ಹಾಕಿ ನೋಡಿ 2 ಮತ್ತು 4 ಅಂದಳು. ನಾನು ಅಂಗಡಿ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ತೋರಿಸುವ ಡೆಸ್ಮಾಸ್ ತೆರೆದೆ. ಗೆರೆ ಮೇಲೆ ಒತ್ತಿದರೆ ಕೂಡುವ ಕಡೆ ಬೂದು ಚುಕ್ಕೆ ಬರುತ್ತದಲ್ಲ, ನನಗೆ ಸಿಕ್ಕಿದ್ದು 2 ಮತ್ತು -0.767. ನಾಲ್ಕರ ಸುಳಿವೇ ಇಲ್ಲ!

ಮಗಳು ಬಿಡಬೇಕಲ್ಲ. ಕ್ಯಾಲ್ಕುಲೇಟರ್ ತಂದು -0.767 ಹಾಕಿದಳು. ಒಂದು ಕಡೆ 0.5883, ಇನ್ನೊಂದು ಕಡೆ 0.5876. "ತಾಳೆ ಆಗಲ್ಲ ಅಪ್ಪ, ಇದು ಉತ್ತರವೇ ಅಲ್ಲ" ಅಂದಳು. ನಮ್ಮ ಅಂಗಡಿಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ಯಾರೂ ಕೇಳಲ್ಲ. ಯಾರು ಸರಿ?

ಉತ್ತರ 1:
ಇಬ್ಬರೂ ಸರಿ ಸಾರ್, ಇಬ್ಬರದೂ ಅರ್ಧಂಬರ್ಧ. ಮೂರು ಕಡೆ ಕೂಡುತ್ತವೆ. ಎಕ್ಸ್ 4 ಆದಾಗ ವೈ 16. ನಿಮ್ಮ ಪರದೆ ಅಷ್ಟು ಮೇಲೆ ಹೋಗಿಲ್ಲ, ಚುಕ್ಕೆ ಹೊರಗೆ ಉಳಿದಿದೆ. ಬಲಗಡೆ ಮೇಲಿನ ಸ್ಪ್ಯಾನರ್ ಚಿತ್ರ ಒತ್ತಿ, ಎಕ್ಸ್ -3ರಿಂದ 5, ವೈ -2ರಿಂದ 20 ಕೊಡಿ.

ತಾಳೆ ಆಗದ್ದಕ್ಕೆ ಕಾರಣ, ಡೆಸ್ಮಾಸ್ ಮೂರೇ ದಶಮಾಂಶ ತೋರಿಸಿದೆ. ಮಗಳಿಗೆ -0.766665 ಹಾಕಲು ಹೇಳಿ. ಎರಡೂ ಕಡೆ 0.587775 ಬರುತ್ತದೆ. ಇದೂ ದುಂಡು ಮಾಡಿದ ಅಂಕಿಯೇ, ಆದರೆ ಕ್ಯಾಲ್ಕುಲೇಟರ್ ಜಗಳ ನಿಲ್ಲುತ್ತದೆ.

ಉತ್ತರ 2:
ನಾನು ಜಿಯೋಜೀಬ್ರಾ ಬಳಸುವವನು, ಅದೂ ಡೆಸ್ಮಾಸ್ ಥರದ್ದೇ. ಅಲ್ಲಿ ಇಂಟರ್‌ಸೆಕ್ಟ್(ಎಫ್, ಜಿ, -1, 0) ಅಂತ ಎಲ್ಲಿಂದ ಎಲ್ಲಿಗೆ ಹುಡುಕಬೇಕು ಅನ್ನೋದನ್ನೂ ಕೊಡಬಹುದು. ಎಫ್, ಜಿ ಅಂದರೆ ನಮ್ಮ ಎರಡು ಗೆರೆಗಳು. -1ರಲ್ಲಿ ಎಕ್ಸ್² ಮೇಲೆ, 0ಯಲ್ಲಿ ಕೆಳಗೆ. ಅಂದರೆ ನಡುವೆ ಎಲ್ಲೋ ದಾಟಲೇಬೇಕು ಅಲ್ವಾ?

ಒಂದರಲ್ಲಿ ಇನ್ನೊಂದನ್ನು ಕಳೆದು 2^ಎಕ್ಸ್ - ಎಕ್ಸ್² ಅಂತ ಒಂದೇ ಗೆರೆ ಎಳೆದರೆ ಇನ್ನೂ ಚೆನ್ನ. 3ರ ಹತ್ತಿರ ಎರಡು ಗೆರೆಗಳ ನಡುವೆ ಬರೀ 1ರ ಅಂತರ, 8 ಮತ್ತು 9. ದೂರದಿಂದ ಒಂದೇ ಗೆರೆ ಅನಿಸುತ್ತದೆ. ಕಳೆದು ಬಿಡಿಸಿದರೆ ಸೊನ್ನೆ ದಾಟುವ ಜಾಗ ಬೇರೆ ಬೇರೆ ಕಾಣುತ್ತದೆ.

ನಾಲ್ಕನೆಯದು ಇರಬಹುದಾ ಅಂತ ಪರದೆ ಹೇಳಲ್ಲ. ಈ ವ್ಯತ್ಯಾಸವನ್ನು ಮೂರು ಸಲ ಡಿಫರೆನ್ಶಿಯೇಟ್ ಮಾಡಿದರೆ ಬರುವುದು ಯಾವಾಗಲೂ ಸೊನ್ನೆಗಿಂತ ಜಾಸ್ತಿ. ವ್ಯತ್ಯಾಸ ನಾಲ್ಕು ಕಡೆ ಸೊನ್ನೆ ಆಗಿದ್ದರೆ ಅದೂ ಎಲ್ಲೋ ಒಂದು ಕಡೆ ಸೊನ್ನೆ ಆಗಲೇಬೇಕಿತ್ತು. ಹಾಗಾಗಿ ಮೂರಕ್ಕಿಂತ ಹೆಚ್ಚು ಕಡೆ ಸೊನ್ನೆ ಆಗಲು ಸಾಧ್ಯವಿಲ್ಲ.

ಪ್ರಶ್ನೆ ಕೇಳಿದವರು:
ಮೂರೂ ಚುಕ್ಕೆ ಬಂದವು! ಮಗಳು ಈಗ 3^ಎಕ್ಸ್, ಎಕ್ಸ್³ ಹಾಕಿ ಕೂತಿದ್ದಾಳೆ. 3 ಒಂದೇ ಅಂತಾಳೆ. ನನಗೆ ಅದರ ಎಡಕ್ಕೆ ಗೆರೆಗಳು ಅಂಟಿಕೊಂಡ ಹಾಗೆ ಕಾಣುತ್ತಿವೆ.

ಉತ್ತರ 2:
ಕಳೆದು ಬಿಡಿಸಿ, 2ರಿಂದ 3ರೊಳಗೆ ಜೂಮ್ ಮಾಡಿ. 2.478ರ ಹತ್ತಿರ ಇನ್ನೊಂದಿದೆ. ಈ ಸಲ ಅಪ್ಪನೇ ಗೆದ್ದಿರಿ.