ಅಪ್‌ಡೇಟ್: ಅಕ್ಕನ ಮಗಳಿಗೆ ಕಮ್ಯೂನಿಟಿ ಕಾಲೇಜಲ್ಲಿ ಸೀಟು
ಅಮೆರಿಕದ ಸ್ಯಾನ್ ಹೋಸೆಯಲ್ಲಿ ಬೆಳೆದ ಅಕ್ಕನ ಮಗಳಿಗೆ ಅಲ್ಲಿನ ಕಮ್ಯೂನಿಟಿ ಕಾಲೇಜಲ್ಲಿ (ಹೆಚ್ಚಾಗಿ ಎರಡು ವರ್ಷದ ಕೋರ್ಸುಗಳಿರುವ ಸರ್ಕಾರಿ ಕಾಲೇಜು) ಸೀಟು ಸಿಗೋದು ಕಷ್ಟವಾ ಅಂತ ಕೇಳಿದ್ದೆನಲ್ಲ, ಸಿಕ್ಕಿತು. ಕಟ್‌ಆಫ್ ಇಲ್ಲ, ಎಸ್ಎಟಿ ಅನ್ನೋ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ ಕೇಳಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮುಗಿಸಿದವರು ಯಾರು ಬೇಕಾದರೂ ಸೇರಬಹುದು. ಅರ್ಜಿ ಹಾಕಿದಳು, ಸ್ಟೂಡೆಂಟ್ ನಂಬರ್ ಬಂತು, ಅಷ್ಟೇ. ನಮ್ಮ ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆ ನಂಬೋಕೇ ಆಗಲ್ಲ, ಅಲ್ವಾ?

ಆದರೆ ಅವಳಿಗೆ ಬೇಕಿರುವುದು ನರ್ಸಿಂಗ್. ಅಲ್ಲಿ ಕಥೆಯೇ ಬೇರೆ. ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಬೇಕು. ಟೀಸ್ ಅನ್ನೋ ನರ್ಸಿಂಗ್ ಪ್ರವೇಶ ಪರೀಕ್ಷೆ ಬೇರೆ. ಇಷ್ಟೆಲ್ಲ ಆದಮೇಲೆ ಕೆಲವು ಕಾಲೇಜುಗಳು ಅಂಕ ನೋಡುತ್ತವೆ, ಕೆಲವು ಲಾಟರಿ ಎತ್ತುತ್ತವೆ. ಹೌದು, ಲಾಟರಿ!

ಸದ್ಯಕ್ಕೆ ಅನಾಟಮಿ ಕ್ಲಾಸಿಗೇ ವೇಟ್‌ಲಿಸ್ಟ್‌ನಲ್ಲಿದ್ದಾಳೆ. ಮೊದಲ ದಿನ ಸುಮ್ನೆ ಹೋಗಿ ಕೂತ್ಕೋ, ಯಾರಾದರೂ ಬಿಟ್ಟರೆ ಸೇರಿಸಿಕೊಳ್ಳುತ್ತಾರೆ ಅಂತ ಸೀನಿಯರ್ ಒಬ್ಬಳು ಹೇಳಿದ್ದಾಳಂತೆ.