ಸಹಾಯ ಬೇಕು: ಬಾಯಿಪಾಠದ ವಾಕ್ಯ ಬದುಕಿಗೆ ಇಳಿಯುವುದು ಹೇಗೆ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬೆಟಗೇರಿಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತೇನೆ, ಎಲ್ಲರೂ ಹೈಸ್ಕೂಲಿನವರು. ಬೈಬಲಿನ ಲೂಕ 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು (ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದವನ ಕಥೆಯನ್ನು) ತಡವರಿಸದೆ ಒಪ್ಪಿಸುತ್ತಾರೆ. ಆದರೆ ಹೋದ ವಾರ ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ತಾಯಿಗೆ ಒಬ್ಬನೂ ಸೀಟು ಬಿಡಲಿಲ್ಲ. ಕೇಳಿದರೆ, "ಅವರಿಗೇನು ಗಾಯವಾಗಿರಲಿಲ್ಲವಲ್ಲ, ಅಕ್ಕಾವರೇ!" ನಗು ಬಂದಿತು, ತಪ್ಪು ನನ್ನ ಪಾಠದ್ದೇ ಎನಿಸಿತು.

ಪ್ರತಿ ಭಾನುವಾರ ಒಂದು ಸಣ್ಣ ಕೆಲಸ ಹೇಳಿ, ಮುಂದಿನ ವಾರ ಏನಾಯಿತೆಂದು ಕೇಳಬೇಕೆಂದಿದ್ದೇನೆ. ಅದು ಬಡಾಯಿಯ ಪಂದ್ಯವಾದರೆ? ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಮತ್ತಾಯ 6ನೇ ಅಧ್ಯಾಯವನ್ನು ಕಲಿಸಿದವಳೂ ನಾನೇ! ಈ ಗಂಟನ್ನು ಬಿಡಿಸಿದ ಶಿಕ್ಷಕರು ಯಾರಾದರೂ ಇದ್ದೀರಾ? ಪುಸ್ತಕಗಳ ಹೆಸರು ಬೇಡ, ನಿಮ್ಮ ತರಗತಿಯಲ್ಲಿ ನಡೆದದ್ದನ್ನು ದಯವಿಟ್ಟು ಬರೆಯಿರಿ.